ಸೀಸೆಗೆ ಇಳಿದ ಭಾನುವಾರದ ಅಡುಗೆ

ಅಮೆರಿಕದ ಯಾವುದೇ ಸೂಪರ್ ಮಾರ್ಕೆಟ್ಟಿನಲ್ಲಿ ಪಾಸ್ತಾ ಇಟ್ಟಿರುವ ಸಾಲಿಗೆ ಹೋದರೆ, ಅದರ ಪಕ್ಕದಲ್ಲೇ ಕೆಂಪು ಸೀಸೆಗಳದೊಂದು ಗೋಡೆ ಎದುರಾಗುತ್ತದೆ. ಎಲ್ಲವೂ ಟೊಮೆಟೊ ಸಾಸ್. ಒಂದರ ಮೇಲೆ ಅಜ್ಜಿಯ ಚಿತ್ರ, ಇನ್ನೊಂದರ ಮೇಲೆ ಇಟಲಿಯ ಹಳ್ಳಿ, ಮತ್ತೊಂದರ ಮೇಲೆ ಯಾವುದೋ ಮನೆತನದ ಹೆಸರು. ಬೆಲೆಯಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ಪಟ್ಟು ಅಂತರ. ಕೈಯಲ್ಲೊಂದು ಸೀಸೆ ಹಿಡಿದು ನಿಂತ ಗಿರಾಕಿಗೆ ಮುಂಭಾಗದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಹಿಂಭಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ ಇದೆ. ಅಲ್ಲಿ ಮೊದಲ ಸಾಲಿನಲ್ಲಿ 'ನೀರು, ಟೊಮೆಟೊ ಪೇಸ್ಟ್' ಎಂದಿದೆಯೋ, 'ಸಿಪ್ಪೆ ಸುಲಿದ ಇಡೀ ಟೊಮೆಟೊ' ಎಂದಿದೆಯೋ ಎಂಬುದೇ ಮುಖ್ಯ. ಈ ಎರಡು ಮಾತುಗಳ ಹಿಂದೆ ಒಂದು ಹಣ್ಣಿನ ವಲಸೆಯೂ, ಲಕ್ಷಾಂತರ ಬಡವರ ವಲಸೆಯೂ, ಒಂದು ಯಂತ್ರದ ಕಥೆಯೂ ಅಡಗಿವೆ.

ಟೊಮೆಟೊ ಇಲ್ಲದ ಇಟಲಿಯನ್ನು ಇಂದು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಟೊಮೆಟೊ ಅಲ್ಲಿಯದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪ್ರದೇಶದಲ್ಲಿ ಕಾಡುಗಿಡವಾಗಿದ್ದ ಇದನ್ನು ತೋಟದ ಬೆಳೆಯಾಗಿ ಪಳಗಿಸಿದ್ದರಲ್ಲಿ ಮೆಕ್ಸಿಕೊದ ಜನರ ಪಾಲು ದೊಡ್ಡದು. ಹೆಸರೂ ಅವರ ನಾಹುವಾತ್ಲ್ ಭಾಷೆಯದೇ. 1521ರಲ್ಲಿ ಸ್ಪೇನಿನವರು ಅಜ್ಟೆಕರ ರಾಜಧಾನಿಯನ್ನು ಗೆದ್ದುಕೊಂಡರು. ಆ ನಾಡಿನ ಬದುಕನ್ನು ಕುರಿತು ಬರೆದಿಟ್ಟ ಪಾದ್ರಿ ಬೆರ್ನಾರ್ದಿನೊ ದೆ ಸಹಗುನ್, ಮಾರುಕಟ್ಟೆಯಲ್ಲಿ ಬಗೆಬಗೆಯ ಟೊಮೆಟೊ ಮಾರುವವರನ್ನೂ ಮೆಣಸಿನಕಾಯಿ ಬೆರೆಸಿದ ಗೊಜ್ಜುಗಳನ್ನು ಮಾರುವವರನ್ನೂ ವರ್ಣಿಸಿದ್ದಾನೆ. ಎಂದರೆ ಸಿದ್ಧ ಸಾಸನ್ನು ಅಂಗಡಿಯಲ್ಲಿ ಕೊಳ್ಳುವುದು ಅಮೆರಿಕನ್ನರ ಇತ್ತೀಚಿನ ಸೋಮಾರಿತನವೇನಲ್ಲ.

ಇಟಲಿಯಲ್ಲಿ ಈ ಹಣ್ಣಿಗೆ ಸಿಕ್ಕಿದ್ದು ಅನುಮಾನದ ಸ್ವಾಗತ. 1544ರಲ್ಲಿ ಸಸ್ಯಶಾಸ್ತ್ರಜ್ಞ ಪಿಯೆತ್ರೊ ಆಂಡ್ರಿಯಾ ಮತ್ತಿಯೋಲಿ ಇದನ್ನು ಬದನೆಯ ಜೊತೆ ಸೇರಿಸಿ ವರ್ಣಿಸಿದ. ಹತ್ತು ವರ್ಷದ ಬಳಿಕ 'ಚಿನ್ನದ ಸೇಬು' ಎಂಬರ್ಥದ 'ಪೊಮಿ ದೊರೊ' ಎಂಬ ಹೆಸರನ್ನು ದಾಖಲಿಸಿದ. ಬದನೆಯ ನಂಟು ಅವನೊಬ್ಬನಿಗೇ ಹೊಳೆದದ್ದಲ್ಲ. ಬಂಗಾಳಿಗಳು ಟೊಮೆಟೊವನ್ನು ಕರೆದದ್ದೂ 'ವಿಲಾಯತಿ ಬದನೆ' ಎಂದೇ. ಎರಡೂ ಒಂದೇ ಕುಲದ ಗಿಡಗಳಾದ್ದರಿಂದ ಇಬ್ಬರ ಊಹೆಯೂ ಸರಿಯಾಗಿಯೇ ಇತ್ತು. 1548ರ ಅಕ್ಟೋಬರಿನಲ್ಲಿ ಕೊಸಿಮೊ ದೆ ಮೆದಿಚಿಯ ಮನೆಗೆ ಅವನ ತೋಟದಿಂದ ಒಂದು ಬುಟ್ಟಿ ಟೊಮೆಟೊ ಬಂದ ಸಂಗತಿ ಒಂದು ಪತ್ರದಲ್ಲಿದೆ. ಬಂದದ್ದು ನಿಜ, ತಿಂದರೆಂದು ಆ ಪತ್ರ ಹೇಳುವುದಿಲ್ಲ.

ಅಡುಗೆಮನೆಗೆ ಕಾಲಿಡಲು ಅದಕ್ಕೆ ನೂರೈವತ್ತು ವರ್ಷ ಬೇಕಾಯಿತು. 1690ರ ದಶಕದಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಅಂತೊನಿಯೊ ಲತೀನಿಯ ಪಾಕಗ್ರಂಥದಲ್ಲಿ ಟೊಮೆಟೊ ಸಾಸಿನ ವಿಧಾನವಿದೆ. ಅವನು ಅದನ್ನು ಕರೆದದ್ದು 'ಸ್ಪೇನಿನ ಬಗೆಯದು' ಎಂದು. ಸುಟ್ಟು ಸಿಪ್ಪೆ ತೆಗೆದ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಸೇರಿದ ಅದು ನಮ್ಮ ಸುಟ್ಟ ಟೊಮೆಟೊ ಗೊಜ್ಜಿಗೆ ಹತ್ತಿರದ ನೆಂಟನಂತಿದೆ. ಆದರೆ ಅದನ್ನು ಪಾಸ್ತಾಕ್ಕೆ ಹಾಕಬೇಕೆಂದು ಲತೀನಿಗೆ ತೋಚಲಿಲ್ಲ. ನೇಪಲ್ಸಿನ ಬೀದಿಗಳಲ್ಲಿ ಜನ ಬೆಂದ ಪಾಸ್ತಾವನ್ನು ತುರಿದ ಚೀಸ್ ಮಾತ್ರ ಉದುರಿಸಿಕೊಂಡು ಕೈಯಲ್ಲಿ ಎತ್ತಿ ಬಾಯಿಗಿಳಿಸಿಕೊಳ್ಳುತ್ತಿದ್ದರು. ಪಾಸ್ತಾ ಮತ್ತು ಟೊಮೆಟೊ ಒಂದಾದದ್ದು 18ನೇ ಶತಮಾನ ಮುಗಿಯುವ ಹೊತ್ತಿಗೆ. 1790ರಲ್ಲಿ ಫ್ರಾಂಚೆಸ್ಕೊ ಲಿಯೊನಾರ್ದಿಯ ಗ್ರಂಥದಲ್ಲಿ ಆ ಜೋಡಿ ಕಾಣುತ್ತದೆ. ಇಪ್ಪೊಲಿತೊ ಕವಲ್ಕಾಂತಿ 1830ರ ದಶಕದಲ್ಲಿ ಟೊಮೆಟೊ ಹಾಕಿದ ಶಾವಿಗೆಯನ್ನು ನೇಪಲ್ಸಿನ ಆಡುಮಾತಿನಲ್ಲೇ ಬರೆದ. ಸಾವಿರಾರು ವರ್ಷಗಳ ಸಂಪ್ರದಾಯವೆಂಬಂತೆ ಸೀಸೆಗಳ ಮೇಲೆ ಮೆರೆಯುವ ಈ ಜೋಡಿಗೆ ಹೀಗೆ ಸುಮಾರು ಇನ್ನೂರು ವರ್ಷ ವಯಸ್ಸು.

1891ರಲ್ಲಿ ಬಂದ ಪೆಲ್ಲೆಗ್ರಿನೊ ಆರ್ತುಸಿಯ ಪ್ರಸಿದ್ಧ ಅಡುಗೆ ಪುಸ್ತಕದ ವೇಳೆಗೆ ಪರಿಸ್ಥಿತಿ ಪೂರ್ತಿ ಬದಲಾಗಿತ್ತು. ರೊಮಾಞ್ಞ ಪ್ರಾಂತದ ಒಬ್ಬ ಪಾದ್ರಿ ಊರಿನವರೆಲ್ಲರ ಮನೆ ವ್ಯವಹಾರದಲ್ಲೂ ಮೂಗು ತೂರಿಸುತ್ತಿದ್ದನಂತೆ. ಎಲ್ಲದರೊಳಗೂ ಸೇರಿಕೊಳ್ಳುವವನೆಂದು ಜನ ಅವನಿಗೆ 'ಟೊಮೆಟೊ ಪಾದ್ರಿ' ಎಂದು ಅಡ್ಡಹೆಸರಿಟ್ಟರೆಂದು ಆರ್ತುಸಿ ಹೇಳುತ್ತಾನೆ.

ಟೊಮೆಟೊ ಬೇಸಿಗೆಯ ಬೆಳೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ರಾಶಿ ರಾಶಿ ಹಣ್ಣು. ಚಳಿಗಾಲದಲ್ಲಿ ಒಂದೂ ಇಲ್ಲ. ಇಟಲಿಯ ದಕ್ಷಿಣದವರು ಇದಕ್ಕೆ ಕಂಡುಕೊಂಡ ಮೊದಲ ಉಪಾಯ, ಹಣ್ಣನ್ನು ಕುದಿಸಿ ಸೋಸಿ, ಹಲಗೆಗಳ ಮೇಲೆ ಹರಡಿ, ಬಿಸಿಲಲ್ಲಿ ಒಣಗಿಸಿ, ಕಪ್ಪುಗೆಂಪಿನ ಗಟ್ಟಿ ಮುದ್ದೆ ಮಾಡಿಡುವುದು. ನಮ್ಮಲ್ಲಿ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಹರಡಿ ಕಾಗೆ ಕಾಯುವವರಿಗೆ ಆ ದೃಶ್ಯ ಅಪರಿಚಿತವಲ್ಲ. ಎರಡನೆಯ ಉಪಾಯ ಫ್ರಾನ್ಸಿನಿಂದ ಬಂತು. ಸೈನ್ಯಕ್ಕೆ ಕೆಡದ ಆಹಾರ ಒದಗಿಸುವ ವಿಧಾನ ಹುಡುಕಿದವರಿಗೆ ಅಲ್ಲಿನ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಡಲು ಮುಂದಾಗಿತ್ತು. ಮಿಠಾಯಿ ತಯಾರಕ ನಿಕೊಲಾ ಅಪೇರ್, ಗಾಜಿನ ಸೀಸೆಗಳಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಉಳಿಸುವ ಕ್ರಮವನ್ನು ಸಾಧಿಸಿ 1810ರಲ್ಲಿ ಆ ಹಣ ಪಡೆದ. ಏಕೆ ಕೆಡುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಲೂಯಿ ಪಾಶ್ಚರ್ ಅದನ್ನು ವಿವರಿಸಿದ್ದು ಅರ್ಧ ಶತಮಾನದ ನಂತರ.

ಈ ವಿಧಾನಕ್ಕೆ ಟೊಮೆಟೊದಷ್ಟು ಒಗ್ಗುವ ತರಕಾರಿ ಕಡಿಮೆ. ಕಾರಣ ಅದರ ಹುಳಿ. ಮುಚ್ಚಿಟ್ಟ ಆಹಾರದಲ್ಲಿ ಗಾಳಿಯಿಲ್ಲದೆಯೇ ಬೆಳೆದು ಮಾರಕ ವಿಷ ಉಗುಳುವ ಬೊಟುಲಿನಮ್ ಬ್ಯಾಕ್ಟೀರಿಯಾಕ್ಕೆ ಹುಳಿ ಆಗಿಬರುವುದಿಲ್ಲ, ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಟೊಮೆಟೊ ಆ ಗೆರೆಯ ಹತ್ತಿರ, ಸಾಮಾನ್ಯವಾಗಿ ಅದರ ಕೆಳಗೆ, ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಸೇರಿದಾಗ ಹುಳಿ ತಗ್ಗುತ್ತದೆ. ಆದ್ದರಿಂದಲೇ ಅನೇಕ ಸೀಸೆಗಳ ಮೇಲೆ 'ಸಿಟ್ರಿಕ್ ಆಮ್ಲ' ಎಂದಿರುತ್ತದೆ. ರಾಸಾಯನಿಕದ ಹೆಸರು ಕಂಡೊಡನೆ ಸೀಸೆಯನ್ನು ಕೆಳಗಿಡುವವರಿದ್ದಾರೆ. ಅದು ನಿಂಬೆಹಣ್ಣಿನಲ್ಲಿರುವ ಹುಳಿಯೇ. ಇಲ್ಲಿ ಅದು ಕಾವಲುಗಾರ.

1880ರಿಂದ 1920ರವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು. ಬಹುಪಾಲು ದಕ್ಷಿಣದ ಭೂಹೀನ ಬಡವರು. ಊರಿನಲ್ಲಿ ಮಾಂಸ ಹಬ್ಬದ ದಿನದ ಮಾತಾಗಿತ್ತು. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಕೂಲಿ ಕಷ್ಟದ್ದಾದರೂ ವಾರಕ್ಕೊಮ್ಮೆ ಮಾಂಸ ಕೈಗೆಟುಕುತ್ತಿತ್ತು. ಹೀಗೆ ಹುಟ್ಟಿದ್ದು 'ಭಾನುವಾರದ ಸಾಸ್'. ಬೆಳಗ್ಗೆ ಚರ್ಚಿಗೆ ಹೋಗುವ ಮುನ್ನ ಒಲೆಯ ಮೇಲಿಟ್ಟ ಟೊಮೆಟೊ ಪಾತ್ರೆ ಮಧ್ಯಾಹ್ನದವರೆಗೆ ಮಾಂಸದ ತುಂಡುಗಳೊಡನೆ ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು. ಬಿಟ್ಟು ಬಂದ ಊರಿನಲ್ಲಿ ಅಪರೂಪವಾಗಿದ್ದ ಊಟ ಹೊಸ ದೇಶದಲ್ಲಿ 'ನಮ್ಮ ಊರಿನ ಅಡುಗೆ' ಆದದ್ದು ಸ್ವಾರಸ್ಯದ ಸಂಗತಿ. ಇಂದು ಸೀಸೆಗಳ ಮೇಲಿರುವ ಅಜ್ಜಿ ಈ ಅಜ್ಜಿಯೇ. ಆಕೆ ನೇಪಲ್ಸಿನವಳಿಗಿಂತ ಹೆಚ್ಚಾಗಿ ಬ್ರೂಕ್ಲಿನ್ನಿನವಳು.

ವಲಸೆ ಬಂದವರಿಗೆ ಡಬ್ಬಿಯ ಟೊಮೆಟೊ ನೇಪಲ್ಸಿನಿಂದಲೇ ಬರಬೇಕಿತ್ತು. ಸರ್ಕಾರ ಅದರ ಮೇಲೆ ಕಣ್ಣಿಟ್ಟೇ ಇತ್ತು. 1883ರ ಕಾನೂನಿನ ಪ್ರಕಾರ ಆಮದಾದ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ವ್ಯಾಪಾರಿಯೊಬ್ಬ ಟೊಮೆಟೊ ಹಣ್ಣೆಂದು ವಾದಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ. ಸಸ್ಯಶಾಸ್ತ್ರಕ್ಕೆ ಅದು ಹಣ್ಣೇ ಆದರೂ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆಯೇ ಹೊರತು ಊಟದ ಕೊನೆಗೆ ಅಲ್ಲ, ಆದ್ದರಿಂದ ಅದು ತರಕಾರಿ ಎಂದು 1893ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 1930ರಲ್ಲಿ ಸುಂಕ ಇನ್ನಷ್ಟು ಏರಿದಾಗ ಟಿಲಿ ಲೂಯಿಸ್ ಎಂಬ ಬ್ರೂಕ್ಲಿನ್ನಿನ ಯೆಹೂದಿ ಮಹಿಳೆ, ಇಟಲಿಯ ಉದ್ದನೆಯ ಟೊಮೆಟೊವನ್ನು ಅಮೆರಿಕದಲ್ಲೇ ಏಕೆ ಬೆಳೆಯಬಾರದೆಂದು ಯೋಚಿಸಿದಳು. ಅದು ಇಲ್ಲಿ ಬೆಳೆಯದು ಎಂದರು ತಿಳಿದವರು. ನೇಪಲ್ಸಿನ ಉದ್ಯಮಿಯೊಬ್ಬನಿಂದ ಬೀಜವನ್ನೂ ಬಂಡವಾಳವನ್ನೂ ಪಡೆದು ಅವಳು 1935ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ ಕಾರ್ಖಾನೆ ಆರಂಭಿಸಿದಳು. ಬೆಳೆ ಬಂತು; ಪತ್ರಿಕೆಗಳು ಆಕೆಯನ್ನು 'ಟೊಮೆಟೊ ರಾಣಿ' ಎಂದವು.

ಸಾಸೇ ಸೀಸೆಗೆ ಇಳಿದದ್ದು ಇದೇ ಕಾಲದಲ್ಲಿ. ಉತ್ತರ ಇಟಲಿಯ ಪಿಯಾಚೆಂಜಾದಿಂದ ಬಂದ ಎತ್ತೊರೆ ಬೊಯಾರ್ದಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹೋಟೆಲು ನಡೆಸುತ್ತಿದ್ದ. ಗಿರಾಕಿಗಳು ಸಾಸನ್ನು ಮನೆಗೂ ಕೇಳತೊಡಗಿದಾಗ ಹಾಲಿನ ಬಾಟಲಿಗಳಲ್ಲಿ ತುಂಬಿಸಿ ಕೊಟ್ಟ. ಬೇಡಿಕೆ ಹೆಚ್ಚಿ 1928ರಲ್ಲಿ ಕಾರ್ಖಾನೆಯನ್ನೇ ತೆರೆದ. ಅಮೆರಿಕನ್ನರ ನಾಲಿಗೆಗೆ ಸುಲಭವಾಗಲೆಂದು ತನ್ನ ಹೆಸರಿನ ಕಾಗುಣಿತವನ್ನೇ ಮುರಿದು 'ಬಾಯ್-ಆರ್-ಡೀ' ಮಾಡಿಕೊಂಡ. 1937ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಜೊವಾನ್ನಿ ಮತ್ತು ಅಸುಂತಾ ಕಾಂತಿಸಾನೊ ದಂಪತಿ ಮನೆಯಲ್ಲಿ ಮಾಡಿದ ಸಾಸನ್ನು ಸೀಸೆಗಳಲ್ಲಿ ಮಾರಲಾರಂಭಿಸಿದರು. ಅದೇ 'ರಾಗು'. 1969ರಲ್ಲಿ ಆ ಕುಟುಂಬ ಅದನ್ನು ದೊಡ್ಡ ಕಂಪೆನಿಗೆ ಮಾರಿತು. ಕೈಯಿಂದ ಕೈಗೆ ದಾಟುತ್ತ 2014ರಲ್ಲಿ ಅದು ಸೇರಿದ್ದು, 1804ರಲ್ಲಿ ಸ್ಥಾಪನೆಯಾದ ಜಪಾನಿನ ವಿನೆಗರ್ ಕಂಪೆನಿ ಮಿಜ್ಕಾನನ್ನು.

ಗಾಜಿನ ಸೀಸೆಯನ್ನೇ ಆರಿಸಿಕೊಂಡದ್ದಕ್ಕೂ ಅರ್ಥವಿತ್ತು. ತವರದ ಡಬ್ಬಿಯಲ್ಲಿ ಏನಿದೆಯೆಂದು ಕಾಣುವುದಿಲ್ಲ. ಗಾಜು ಎಲ್ಲವನ್ನೂ ತೋರಿಸುತ್ತದೆ, ಅಥವಾ ತೋರಿಸುತ್ತಿದ್ದೇನೆಂಬ ಭಾವನೆ ಕೊಡುತ್ತದೆ.

ಕ್ಯಾಂಪ್‌ಬೆಲ್ ಕಂಪೆನಿ 1981ರಲ್ಲಿ ರಾಗುವಿಗೆ ಎದುರಾಗಿ 'ಪ್ರೇಗೊ' ಎಂಬ ಸಾಸ್ ತಂದಿತು. ಪ್ರೇಗೊ ಗಟ್ಟಿ, ಪಾಸ್ತಾಕ್ಕೆ ಚೆನ್ನಾಗಿ ಅಂಟುತ್ತದೆ ಎಂದು ಜಾಹೀರಾತು ಸಾರಿದರೂ ಮಾರಾಟ ಮೇಲೇಳಲಿಲ್ಲ. ಆಗ ಕರೆಸಿದ್ದು ಹೊವರ್ಡ್ ಮಾಸ್ಕೊವಿಟ್ಜ್ ಎಂಬ ಮನೋವಿಜ್ಞಾನಿಯನ್ನು. ಆತ 45 ಬಗೆಯ ಸಾಸ್ ಮಾಡಿಸಿ, ಸಿಹಿ, ಖಾರ, ಹುಳಿ, ಬೆಳ್ಳುಳ್ಳಿ, ದಪ್ಪ ಎಲ್ಲದರಲ್ಲೂ ವ್ಯತ್ಯಾಸವಿರಿಸಿ, ಊರೂರಿಗೆ ಒಯ್ದು ಜನರಿಗೆ ಬಡಿಸಿದ. ಅತ್ಯುತ್ತಮ ಸಾಸ್ ಯಾವುದೆಂದು ಅವನು ಹುಡುಕಲಿಲ್ಲ. ಜನ ಯಾವ ಗುಂಪುಗಳಾಗಿ ಒಡೆಯುತ್ತಾರೆ ಎಂದು ನೋಡಿದ. ಸಾದಾ, ಖಾರ ಮತ್ತು ದಪ್ಪ ಹೋಳುಗಳಿರುವ ಸಾಸ್ ಎಂದು ಮೂರು ಗುಂಪು ಕಂಡವು. ಮೂರನೆಯದನ್ನು ಯಾವ ಕಂಪೆನಿಯೂ ಆಗ ಮಾರುತ್ತಿರಲಿಲ್ಲ. ಕೇಳಿದರೆ ಜನರೂ ಅದನ್ನು ಬಯಸುತ್ತೇವೆಂದು ಹೇಳುತ್ತಿರಲಿಲ್ಲ, ಏಕೆಂದರೆ ಒಳ್ಳೆಯ ಇಟಾಲಿಯನ್ ಸಾಸ್ ತೆಳುವಾಗಿ ನಯವಾಗಿರಬೇಕೆಂದು ಎಲ್ಲರೂ ನಂಬಿದ್ದರು. ಹೋಳಿನ ಪ್ರೇಗೊ ಮುಂದಿನ ಹತ್ತು ವರ್ಷಗಳಲ್ಲಿ 60 ಕೋಟಿ ಡಾಲರ್ ತಂದಿತೆಂದು ಪತ್ರಕರ್ತ ಮಾಲ್ಕಂ ಗ್ಲಾಡ್‌ವೆಲ್ 2004ರಲ್ಲಿ ಹೇಳಿದ. ಅಂಗಡಿಯ ಗೋಡೆ ಇಂದಿನಷ್ಟು ಉದ್ದವಾದದ್ದರಲ್ಲಿ ಈ ಶೋಧದ ಪಾಲಿದೆ. ಗಿರಾಕಿಯ ರುಚಿಯನ್ನು ಗೌರವಿಸಿದ ಶೋಧವೆಂಬುದು ನಿಜವೇ. ಆದರೆ ಆ 45 ಬಗೆಯೂ ಯಾವ ಟೊಮೆಟೊದಿಂದ ಆಗಬೇಕೆಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಅದಾಗಲೇ ತೀರ್ಮಾನವಾಗಿತ್ತು. ಅಲ್ಲಿ ಟೊಮೆಟೊ ಕೊಯ್ಲು ನಡೆಯುತ್ತಿದ್ದದ್ದು ಮೆಕ್ಸಿಕೊದಿಂದ ಒಪ್ಪಂದದ ಮೇಲೆ ಬರುತ್ತಿದ್ದ ಕೂಲಿಗಳಿಂದ. ಆ ಒಪ್ಪಂದ 1964ರ ಕೊನೆಗೆ ಮುಗಿಯಿತು. ಅಷ್ಟರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಹನ್ನಾ ಎಂಬ ತಳಿವಿಜ್ಞಾನಿಯೂ ಕೋಬಿ ಲೊರೆನ್ಜೆನ್ ಎಂಬ ಎಂಜಿನಿಯರೂ ಜೊತೆಗೂಡಿದ್ದರು. ಇಡೀ ಗಿಡವನ್ನು ಕತ್ತರಿಸಿ ಹಣ್ಣು ಉದುರಿಸುವ ಯಂತ್ರ ಒಬ್ಬನದು. ಆ ಯಂತ್ರದ ಹೊಡೆತ ತಡೆಯುವ, ಒಟ್ಟಿಗೇ ಮಾಗುವ ಗಟ್ಟಿ ಹಣ್ಣು ಇನ್ನೊಬ್ಬನದು. 1960ರ ದಶಕ ಮುಗಿಯುವಾಗ ಕಾರ್ಖಾನೆಗೆ ಹೋಗುವ ಬೆಳೆಯೆಲ್ಲ ಯಂತ್ರದ ಪಾಲಾಗಿತ್ತು. ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಬೆಳೆಗಾರರು 1973ರ ಹೊತ್ತಿಗೆ 600ರಷ್ಟಾದರು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ದೊಡ್ಡ ಜಮೀನುದಾರರಿಗೆ ಮಾತ್ರ ಉಪಕಾರವಾಯಿತೆಂದು ಕೃಷಿ ಕಾರ್ಮಿಕರ ಪರವಾಗಿ 1979ರಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಬಿತ್ತು.

ಯಂತ್ರ ಕಿತ್ತ ಟೊಮೆಟೊ ಬಹುಪಾಲು ಪೇಸ್ಟ್ ಆಗುತ್ತದೆ. ಹಣ್ಣಿನಲ್ಲಿ ಶೇ. 95ರಷ್ಟು ನೀರೇ. ಅದನ್ನು ಆವಿಯಾಗಿಸಿ ಒಂದು ಕಿಲೊ ಪೇಸ್ಟ್ ಮಾಡಲು ಐದಾರು ಕಿಲೊ ಹಣ್ಣು ಬೇಕು. ಅಮೆರಿಕದ ಕಾನೂನಿನಂತೆ ಕರಗಿದ ಘನಾಂಶ ಶೇ. 24 ದಾಟಿದರಷ್ಟೇ ಅದು ಪೇಸ್ಟ್, ಶೇ. 8ರಿಂದ 24ರ ನಡುವೆ ಇದ್ದರೆ ಪ್ಯೂರಿ. ಪೇಸ್ಟನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿಟ್ಟು ವರ್ಷವಿಡೀ ಅದಕ್ಕೆ ನೀರು ಸೇರಿಸಿ ಸಾಸ್ ಮಾಡಬಹುದು. ಸಾಗಣೆ ಅಗ್ಗ, ರುಚಿ ವರ್ಷವಿಡೀ ಒಂದೇ. ಎರಡೆರಡು ಬಾರಿ ಬೆಂದ ಹಣ್ಣು ತನ್ನ ಕಂಪನ್ನು ಕಳೆದುಕೊಂಡಿರುತ್ತದೆ. ಆ ಜಾಗವನ್ನು ಸಕ್ಕರೆ, ಒಣ ಈರುಳ್ಳಿ, ಬೆಳ್ಳುಳ್ಳಿ ಪುಡಿಗಳು ತುಂಬುತ್ತವೆ. 'ನೀರು, ಟೊಮೆಟೊ ಪೇಸ್ಟ್' ಎಂಬ ಸಾಲಿನ ಅರ್ಥ ಇಷ್ಟು. ಅದು ಮೋಸವಲ್ಲ. ಆದರೆ ಇಡೀ ಹಣ್ಣಿನಿಂದ ಮಾಡಿದ ಸಾಸಿನ ಬೆಲೆಯನ್ನು ಅದಕ್ಕೆ ಕೊಡಬೇಕಾಗಿಲ್ಲ.

ಈ ಸಾಲುಗಳಾದರೂ ಸೀಸೆಯ ಮೇಲೆ ತಾವಾಗಿ ಬಂದವಲ್ಲ. ಆಹಾರದಲ್ಲಿರುವ ಪದಾರ್ಥಗಳ ಪಟ್ಟಿಗೆ ಅಮೆರಿಕದಲ್ಲಿ ಬುನಾದಿ ಬಿದ್ದದ್ದು 1938ರ ಕಾನೂನಿನಿಂದ. 1990ರ ಕಾನೂನು ಪೋಷಕಾಂಶಗಳ ಪಟ್ಟಿಯನ್ನು ಕಡ್ಡಾಯ ಮಾಡಿತು. ಹೊರಗಿನಿಂದ ಹಾಕಿದ ಸಕ್ಕರೆಯನ್ನು ಬೇರೆಯಾಗಿ ತೋರಿಸಬೇಕೆಂಬ ನಿಯಮ 2016ರಲ್ಲಿ ಆಗಿ, ದೊಡ್ಡ ಕಂಪೆನಿಗಳಿಗೆ 2020ರಲ್ಲಿ ಅನ್ವಯವಾಯಿತು. ಈ ಕೊನೆಯದು ಸಾಸ್ ಕೊಳ್ಳುವವರಿಗೆ ಬಹಳ ಉಪಯುಕ್ತ. ಅರ್ಧ ಕಪ್ ಸಾಸಿನಲ್ಲಿ ಟೊಮೆಟೊದ ಸ್ವಂತ ಸಕ್ಕರೆಯೇ ನಾಲ್ಕೈದು ಗ್ರಾಂ ಇರುತ್ತದೆ. ಒಟ್ಟು ಸಕ್ಕರೆ ನೋಡಿ ಹೌಹಾರುವುದರಲ್ಲಿ ಅರ್ಥವಿಲ್ಲ, ಹಾಕಿದ ಸಕ್ಕರೆ ಎಷ್ಟೆಂದು ನೋಡಬೇಕು. ಉಪ್ಪನ್ನೂ ಗಮನಿಸಬೇಕು. ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುವುದರಿಂದ ಟೊಮೆಟೊದ ಹಿಂದೆಯೇ ಬರುವ ಎಣ್ಣೆ ಆಲಿವ್‌ನದೋ ಸೋಯಾದ್ದೋ ಎಂಬುದೂ ತಿಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಎಂದಿದ್ದರೆ ಹೋಳುಗಳು ಕರಗದಂತೆ ಬಿಗಿ ಮಾಡಲಾಗಿದೆ ಎಂದು ಅರ್ಥ. ಎಷ್ಟು ಹೊತ್ತು ಕುದಿಸಿದರೂ ಅವು ಕರಗಲು ಹಟ ಹಿಡಿಯುತ್ತವೆ.

'ಸಾನ್ ಮರ್ಜಾನೊ' ಎಂಬ ಹೆಸರಿಗೂ ಸ್ವಲ್ಪ ಎಚ್ಚರ ಬೇಕು. ವೆಸುವಿಯಸ್ ಜ್ವಾಲಾಮುಖಿಯ ಸಮೀಪದ ಸಾರ್ನೊ, ನೊಚೆರಾ ಬಯಲಿನಲ್ಲಿ ಬೆಳೆದ ಆ ತಳಿಗೆ 1996ರಲ್ಲಿ ಯುರೋಪಿನ ಸ್ಥಳನಾಮ ರಕ್ಷಣೆ ದೊರೆತಿದೆ. ಆ ಮುದ್ರೆಯಿಲ್ಲದೆ ಬರಿಯ ಹೆಸರಿದ್ದರೆ ಅದು ಅದೇ ತಳಿಯ ಬೀಜ ಬಿತ್ತಿ ಬೇರೆಲ್ಲೋ ಬೆಳೆದದ್ದಿರಬಹುದು.

ಲೇಬಲ್ಲು ಹೇಳದ ಸಂಗತಿಯೂ ಒಂದಿದೆ. ಇಟಲಿಯ ಟೊಮೆಟೊ ಎಂದೊಡನೆ ಉತ್ತಮವೆಂದು ಬೆಲೆ ಏರುತ್ತದೆ. ಆದರೆ ಪುಲಿಯಾ ಪ್ರಾಂತದ ಫೊಜ್ಜಾ ಸುತ್ತಲಿನ ಹೊಲಗಳಲ್ಲಿ ಆ ಹಣ್ಣು ಕೀಳುವವರಲ್ಲಿ ಬಹಳ ಮಂದಿ ಆಫ್ರಿಕಾದಿಂದ ವಲಸೆ ಬಂದವರು. ಅವರನ್ನು ಹೊಲಕ್ಕೆ ಸಾಗಿಸಿ ಕೂಲಿಯಲ್ಲಿ ಪಾಲು ಹೊಡೆಯುವ ಮೇಸ್ತ್ರಿಗಳ ವ್ಯವಸ್ಥೆಯನ್ನು ತಡೆಯಲು ಇಟಲಿ 2016ರಲ್ಲಿ ಕಠಿಣ ಕಾನೂನು ಮಾಡಿತು. ಎರಡು ವರ್ಷದ ಬಳಿಕ, 2018ರ ಆಗಸ್ಟ್ 4 ಮತ್ತು 6ರಂದು, ಫೊಜ್ಜಾ ಬಳಿ ಕೆಲಸ ಮುಗಿಸಿ ಹಿಂದಿರುಗುತ್ತಿದ್ದ ಕೂಲಿಗಳ ಎರಡು ವ್ಯಾನುಗಳು ಲಾರಿಗಳಿಗೆ ಡಿಕ್ಕಿ ಹೊಡೆದು 16 ಮಂದಿ ಸತ್ತರು. ಹೊಲದಿಂದ ಕಾರ್ಖಾನೆಗೆ ಟೊಮೆಟೊ ಸಾಗಿಸುವ ಲಾರಿಗಳು ಓಡುವ ರಸ್ತೆಗಳವು. ನೂರು ವರ್ಷದ ಹಿಂದೆ ಇದೇ ದಕ್ಷಿಣ ಇಟಲಿಯಿಂದ ಕೂಲಿಗಾಗಿ ಜನ ಹಡಗು ಹತ್ತಿದ್ದರು. ಚೀನಾದ ಷಿನ್‌ಜಿಯಾಂಗ್‌ನ ಟೊಮೆಟೊ ಪೇಸ್ಟನ್ನು ಬಲವಂತದ ದುಡಿಮೆಯ ಆರೋಪದ ಮೇಲೆ ಅಮೆರಿಕ 2021ರ ಜನವರಿಯಲ್ಲಿ ನಿಷೇಧಿಸಿತು. ಅಗ್ಗದ ಪೇಸ್ಟ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಆಗ ಹಲವರಿಗೆ ಮೊದಲ ಸಲ ಎದುರಾಯಿತು.

ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ 1896ರಿಂದ ನಡೆಯುತ್ತಿರುವ 'ರಾವೋಸ್' ಎಂಬ ಪುಟ್ಟ ಹೋಟೆಲಿದೆ. ಹತ್ತೇ ಮೇಜು, ಪರಿಚಯವಿಲ್ಲದವರಿಗೆ ಜಾಗ ಸಿಗುವುದು ದುರ್ಲಭ. 1992ರಲ್ಲಿ ಆ ಮನೆತನದವರು ತಮ್ಮ ಸಾಸನ್ನು ಸೀಸೆಯಲ್ಲಿ ಮಾರತೊಡಗಿದರು. ಇಡೀ ಟೊಮೆಟೊ, ಆಲಿವ್ ಎಣ್ಣೆ, ಈರುಳ್ಳಿ, ಉಪ್ಪು, ಬೆಳ್ಳುಳ್ಳಿ, ತುಳಸಿಯ ಜಾತಿಯ ಬೇಸಿಲ್, ಕರಿಮೆಣಸು, ಒರೆಗಾನೊ: ಪಟ್ಟಿ ಅಷ್ಟೇ, ಸಕ್ಕರೆ ಇಲ್ಲ. ಬೆಲೆ ಇತರ ಸಾಸುಗಳ ಎರಡು ಮೂರು ಪಟ್ಟು. ಆದರೂ ಅದು ಬೆಳೆಯಿತು. ಹಿಂಬದಿ ಓದುವ ಗಿರಾಕಿಗಳ ಸಂಖ್ಯೆ ಬೆಳೆದಿತ್ತು. 2017ರಲ್ಲಿ ಒಂದು ಕಂಪೆನಿ ಅದನ್ನು ಕೊಂಡಿತು. 2024ರ ಮಾರ್ಚಿನಲ್ಲಿ ಆ ಕಂಪೆನಿಯನ್ನೇ ಸುಮಾರು 270 ಕೋಟಿ ಡಾಲರ್ ಕೊಟ್ಟು ಕೊಂಡದ್ದು, ಪ್ರೇಗೊ ಮಾಡುವ ಅದೇ ಕ್ಯಾಂಪ್‌ಬೆಲ್.

ವ್ಯವಹಾರದ ಸುದ್ದಿ ಹೊರಬಿದ್ದಾಗ ಗಿರಾಕಿಗಳು ಕೇಳಿದ್ದು ಒಂದೇ ಮಾತು: ಸಾಸ್ ಬದಲಾಗುತ್ತದೆಯೇ? ಅದನ್ನು ಮುಟ್ಟುವುದಿಲ್ಲವೆಂದು ಕಂಪೆನಿ ಭರವಸೆ ಕೊಟ್ಟಿತು. ಒಂದೇ ಒಡೆತನದ ಎರಡು ಸೀಸೆಗಳು ಈಗ ಅದೇ ಗೋಡೆಯಲ್ಲಿ ಅಕ್ಕಪಕ್ಕ ನಿಂತಿವೆ. ಒಂದರ ಹಿಂಬದಿಯ ಮೊದಲ ಸಾಲಿನಲ್ಲಿ ನೀರು ಮತ್ತು ಪೇಸ್ಟ್, ಇನ್ನೊಂದರಲ್ಲಿ ಇಡೀ ಟೊಮೆಟೊ. ಹಳೆಯ ಗಿರಾಕಿಗಳು ಭರವಸೆಯನ್ನು ಕೇಳಿಸಿಕೊಂಡಿದ್ದಾರೆ. ಆದರೂ ಕೊಳ್ಳುವ ಮುನ್ನ ಸೀಸೆಯನ್ನು ತಿರುಗಿಸಿ ಆ ಸಾಲನ್ನು ಇನ್ನೊಮ್ಮೆ ಓದುತ್ತಾರೆ.